ಮುಂಗಾಲಿನ ಬೂಟುಗಳು

ಹಲ್ಲಕ್ಕನಿಗೆ ಆ ಹೆಸರು ಬಂದದ್ದು ಕೆಲಸದಿಂದ. ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬೊಂದರಲ್ಲಿ ಅವಳು ಮೇಣ ಕೆತ್ತುತ್ತಿದ್ದಳು, ಅಚ್ಚು ಉಜ್ಜುತ್ತಿದ್ದಳು. ಬೀದಿಯ ಮಕ್ಕಳು ಇಟ್ಟ ಹೆಸರು ದೊಡ್ಡವರ ಬಾಯಿಗೂ ಹತ್ತಿತು. ತಂಗಿ ಪುಟ್ಟಿ ಮಾತ್ರ ಬರೀ ‘ಅಕ್ಕ’ ಅನ್ನುತ್ತಿದ್ದಳು. ಅಮ್ಮ ತೀರಿಕೊಂಡಾಗ ಪುಟ್ಟಿಗೆ ಇನ್ನೂ ಜಡೆ ಹಾಕಿಕೊಳ್ಳಲು ಬರುತ್ತಿರಲಿಲ್ಲ, ಬೆಳೆಸಿದವಳು ಅಕ್ಕನೇ. ಚಿಕ್ಕಂದಿನಲ್ಲಿ ಮೆಟ್ಟಿಲಿನಿಂದ ಬಿದ್ದು ಪುಟ್ಟಿಯ ಎಡಗಾಲು ಕೊಂಚ ಗಿಡ್ಡವಾಗಿ ಉಳಿದಿತ್ತು. ನಡೆಯುವಾಗ ಭುಜ ಒಂದು ಕಡೆಗೆ ವಾಲುತ್ತಿತ್ತು.

ಕಾಸ್‌ಪ್ಲೇ ಹುಚ್ಚು ಹಿಡಿಸಿದ್ದು ಪುಟ್ಟಿಯೇ. ಕಥೆಗಳ ಪಾತ್ರಗಳಂತೆ ವೇಷ ಹಾಕಿಕೊಂಡು ಜನ ವರ್ಷಕ್ಕೊಮ್ಮೆ ದೊಡ್ಡ ಸಭಾಂಗಣವೊಂದರಲ್ಲಿ ಮೇಳಕ್ಕಾಗಿ ಸೇರುತ್ತಿದ್ದರು. ಅಕ್ಕತಂಗಿಯರದು ಎರಡಾಳಿನ ವೇಷ, ನಾಲ್ಕು ಕಾಲಿನ ಕಾಡುಮೃಗ. ಮುಂದೆ ಮುಖವಾಡ, ಕೊಂಬು ಹೊತ್ತ ಪುಟ್ಟಿ. ಹಿಂದೆ ಬಟ್ಟೆಯೊಳಗೆ ಬಗ್ಗಿ, ತಂಗಿಯ ಸೊಂಟ ಹಿಡಿದುಕೊಂಡ ಹಲ್ಲಕ್ಕ. ಚಪ್ಪಾಳೆ ಅವಳಿಗೆ ಕೇಳುತ್ತಿತ್ತು. ಕಾಣುತ್ತಿದ್ದದ್ದು ಪುಟ್ಟಿಯ ಹಿಮ್ಮಡಿ ಮಾತ್ರ. ಅಷ್ಟು ಸಾಕಾಗಿತ್ತು ಅವಳಿಗೆ.

ಆ ವರ್ಷ ಗೊರಸು ನಿಜವಾದ ಗೊರಸಿನಂತೆಯೇ ಕಾಣಬೇಕೆಂದು ಹಲ್ಲಕ್ಕ ಹಟ ಹಿಡಿದಳು. ಅಂಗಡಿಯಿಂದ ಇಬ್ಬರಿಗೂ ದಪ್ಪ ಅಟ್ಟೆಯ ಬೂಟು ತಂದಳು. “ಹೊಳೆಯೋ ಮೈಗೆ ಅಂಟು ಹಿಡಿಯಲ್ಲ ಕಣೇ” ಎನ್ನುತ್ತ ಮರಳುಕಾಗದದಿಂದ ಉಜ್ಜಿ ಹೊಳಪು ತೆಗೆದಳು. ಫೋಮ್ ಹಾಳೆಯನ್ನು ಹೇರ್ ಡ್ರೈಯರಿನ ಬಿಸಿಗಾಳಿಗೆ ಹಿಡಿದು, ಮೆತ್ತಗಾದೊಡನೆ ಬೂಟಿನ ಮೂತಿಗೆ ಸುತ್ತಿ, ನಡುವೆ ಸೀಳು ಬಿಟ್ಟಳು. ಎರಡೂ ಕಡೆ ಅಂಟು ಬಳಿದು, ಅದು ಬೆರಳಿಗೆ ಮೆತ್ತದಷ್ಟು ಒಣಗಿದ ಮೇಲೆಯೇ ಒತ್ತಬೇಕು. ಅವಸರ ಮಾಡಿದರೆ ಕಿತ್ತುಬರುತ್ತದೆ. ಹಲ್ಲು ನುಣುಪು ಮಾಡುವ ಪುಟ್ಟ ಮೋಟರನ್ನು ಲ್ಯಾಬಿನಿಂದ ಕೇಳಿ ತಂದು ಗೊರಸಿನ ಮೇಲೆ ಗೆರೆ ಕೊರೆದಳು. ಕಣಕಾಲಿನ ಸುತ್ತ ಕೃತಕ ತುಪ್ಪಳ ಹೊಲಿದಳು. ಪುಟ್ಟಿಯ ಎಡ ಬೂಟಿನೊಳಗೆ ರಬ್ಬರಿನ ಪದರ ಕೂರಿಸಿ, ಹಾಕಿಸಿ, ನಡೆಸಿ, ಬಿಚ್ಚಿಸಿ, ಕೆತ್ತಿ, ಮತ್ತೆ ಹಾಕಿಸಿ ಅವಳಿಗೆ ಸಾಕುಸಾಕು ಮಾಡಿದಳು. ಕೊನೆಗೊಮ್ಮೆ ಕನ್ನಡಿಯ ಮುಂದೆ ಪುಟ್ಟಿಯ ಎರಡೂ ಭುಜಗಳು ಸಮನಾಗಿ ನಿಂತವು.

“ಅಯ್ಯೋ ಅಕ್ಕ, ನಾನು ಇಷ್ಟುದ್ದ ಇದೀನಾ!” ಎಂದು ಪುಟ್ಟಿ ಕೋಣೆ ತುಂಬ ಟಕಟಕ ಓಡಾಡಿದಳು. ಕೆಳಗಿನ ಮನೆಯವರು ಚಾವಣಿಗೆ ಕೋಲಿನಿಂದ ಕುಟ್ಟಿದರು.

ಮುಂಗಾಲಿನ ಆ ಬೂಟುಗಳನ್ನು ಆಫೀಸಿನ ಗೆಳತಿಯರಿಗೆ ತೋರಿಸುತ್ತೇನೆಂದು ಪುಟ್ಟಿ ಒಯ್ದಳು. ಮೇಳ ಹತ್ತಿರ ಬಂದಾಗ ಮಂಡಿ ಹಿಡಿದುಕೊಂಡು ಕೂತಳು. “ಈ ಸಲ ಆಗಲ್ಲ ಅಕ್ಕ. ನಿಂತ್ರೆ ಜೀವ ಹೋಗುತ್ತೆ.”

“ಹಾಳಾಗ್ಲಿ ಬಿಡು, ವೇಷ ಎಲ್ಲಿಗೆ ಓಡಿಹೋಗುತ್ತೆ” ಎಂದು ಹಲ್ಲಕ್ಕ ಮಂಡಿಗೆ ಬಿಸಿನೀರಿನ ಚೀಲ ಇಟ್ಟಳು. ಮೇಳದ ದಿನ ಬೆಳಿಗ್ಗೆ ಪುಟ್ಟಿ, ಗೆಳತಿಯ ಮನೆಯಲ್ಲಿ ಮಲಗಿರುತ್ತೇನೆ ಎಂದು ಹೇಳಿ ಹೋದಳು. ಪಾಪ, ಮನೆಯಲ್ಲಿದ್ದರೆ ಬೇಜಾರಾಗುತ್ತದೇನೋ ಎಂದುಕೊಂಡ ಹಲ್ಲಕ್ಕನಿಗೂ ಕೂತಲ್ಲಿ ಕೂರಲಾಗಲಿಲ್ಲ. ನಾಲ್ಕು ಫೋಟೊ ತೆಗೆದು ತಂಗಿಗೆ ತೋರಿಸೋಣ ಎಂದು ಸಭಾಂಗಣಕ್ಕೆ ಹೊರಟಳು.

ವೇದಿಕೆಯ ಮೇಲೆ ರಾಣಿಯರ ದಂಡೊಂದು ಸಾಗುತ್ತಿತ್ತು. ನಡುವಿನವಳು ಬೆಳ್ಳಿ ಕವಚ ತೊಟ್ಟು ನೆಟ್ಟಗೆ ನಡೆಯುತ್ತಿದ್ದಳು. ಎಂಥ ಚಂದದ ನಡಿಗೆ ಎಂದು ಹಲ್ಲಕ್ಕ ಫೋನ್ ಎತ್ತಿದಳು. ಕಾಲು ಹತ್ತಿರ ಕಾಣಲೆಂದು ಚಿತ್ರ ಹಿಗ್ಗಿಸಿದಳು. ತುಪ್ಪಳ ಕಿತ್ತಿದ್ದರು, ಗೊರಸಿನ ಸೀಳು ತುಂಬಿ ಬೆಳ್ಳಿಬಣ್ಣ ಹೊಡೆದಿದ್ದರು. ಬಣ್ಣದ ಅಡಿಯಿಂದ ಅವಳೇ ಮೋಟರು ಹಿಡಿದು ಕೊರೆದ ಗೆರೆಗಳು ಕಾಣುತ್ತಿದ್ದವು. ಫೋಟೊ ತೆಗೆಯದೆ ಫೋನ್ ಕೆಳಗಿಳಿಸಿದಳು.

ಅವಳು ವೇದಿಕೆಯ ಹಿಂದಕ್ಕೆ ಹೋದಾಗ ಪುಟ್ಟಿ ಗೆಳತಿಯರ ನಡುವೆ ಕೂತು ಬೂಟಿನ ಎದ್ದ ಅಂಚನ್ನು ಒತ್ತಿಕೊಳ್ಳುತ್ತಿದ್ದಳು. ಅಕ್ಕನನ್ನು ಕಂಡು ಮುಖ ಬಿಳಿಚಿಕೊಂಡಿತು.

“ಯಾರೇ ಇವರು?” ಎಂದಳು ಒಬ್ಬ ಗೆಳತಿ.

“ಇವರಾ... ಗೊತ್ತಿರೋರು. ಬೂಟು ಗೀಟು ಅಂಟಿಸಿಕೊಡ್ತಾರೆ.”

“ಅಯ್ಯೋ, ಸರಿಯಾದ ಹೊತ್ತಿಗೆ ಬಂದ್ರಿ! ಇದೊಂದು ಸ್ವಲ್ಪ ನೋಡಿಕೊಡಿ.”

ಮೇಳಕ್ಕೆ ಹೋಗುವಾಗ ಅಂಟಿನ ಟ್ಯೂಬು ಹಲ್ಲಕ್ಕನ ಚೀಲದಲ್ಲಿ ಇದ್ದೇ ಇರುತ್ತಿತ್ತು. ಬಿಚ್ಚಿದ ಬೂಟು ಹಿಡಿದು ಅವಳು ನೆಲದ ಮೇಲೆ ಕೂತು ಅಂಟು ಬಳಿದಳು. ಒಣಗುವವರೆಗೆ ಕಾದಳು. ಅಷ್ಟು ಹೊತ್ತೂ ಪುಟ್ಟಿ ಫೋನಿನಿಂದ ತಲೆ ಎತ್ತಲಿಲ್ಲ. ಹಲ್ಲಕ್ಕ ಅಂಚನ್ನು ಗಟ್ಟಿಯಾಗಿ ಒತ್ತಿ ಹಿಡಿದು, ಬೂಟನ್ನು ತಂಗಿಯ ಕಾಲ ಬಳಿ ಇಟ್ಟಳು.

“ಹಾಕ್ಕೊಳ್ಳಿ ಮೇಡಂ” ಎಂದಳು.

ಸಂಜೆ ಪುಟ್ಟಿ ಮನೆಗೆ ಬಂದಾಗ ಹಲ್ಲಕ್ಕ ಕೇಳಿದ್ದು ಒಂದೇ, “ಮಂಡಿ ಹೇಗಿದೆ?”

ಪುಟ್ಟಿಗೆ ಅಳು ಬಂತು. “ನಂಗೂ ಒಂದ್ಸಲ ಒಬ್ಬಳೇ ನಿಲ್ಬೇಕು ಅನ್ನಿಸ್ತು ಅಕ್ಕ.”

“ಹೇಳಿದ್ರೆ ರಾಣಿ ವೇಷ ನಾನೇ ಮಾಡ್ಕೊಡ್ತಿರ್ಲಿಲ್ವಾ?”

“ಮಾಡ್ಕೊಡ್ತಿದ್ದೆ. ಆಮೇಲೆ ನೀನೂ ಬರ್ತೀನಿ ಅಂತಿದ್ದೆ.”

ಹಲ್ಲಕ್ಕ ಅಂಟಿನ ಟ್ಯೂಬನ್ನು ಚೀಲದಿಂದ ತೆಗೆದಿಟ್ಟಳು. “ಸರಿ, ಅದಾದ್ರೂ ಅರ್ಥ ಆಗುತ್ತೆ. ಗೊತ್ತಿರೋರು ಅಂದ್ಯಲ್ಲ, ಅದ್ಯಾಕೆ?”

ಪುಟ್ಟಿ ಕಣ್ಣೊರೆಸಿಕೊಂಡು ಮುಖ ತೊಳೆಯಲು ಹೋದಳು.

ಮಾತೇನೂ ನಿಲ್ಲಲಿಲ್ಲ. ಹಾಲು ಒಡೆದದ್ದು, ನಲ್ಲಿ ಸೋರುವುದು ಎಲ್ಲ ಮಾತಾಡಿಕೊಳ್ಳುತ್ತಿದ್ದರು. ಆದರೆ ತಂಗಿ ಏನು ಹೇಳಿದರೂ ಹಲ್ಲಕ್ಕನಿಗೆ ಒಳಗೊಳಗೇ ಅನುಮಾನ. ಆಫೀಸಿನಲ್ಲಿ ತಡವಾಯಿತು ಎಂದರೂ ಅನುಮಾನ, ತಲೆನೋವು ಎಂದರೂ ಅನುಮಾನ. ಹಾಗೆ ಅನುಮಾನಿಸುವ ತನ್ನನ್ನು ಕಂಡರೆ ಅವಳಿಗೇ ಹೇಸಿಗೆ.

ಮುಂದಿನ ಮೇಳದ ಹೊತ್ತಿಗೆ ಪುಟ್ಟಿ ಹೊಸ ಬೂಟಿನ ಡಬ್ಬ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. “ಅಕ್ಕ, ಎಡಗಡೆಗೆ ಸ್ವಲ್ಪ ಎತ್ತರ ಮಾಡ್ಕೊಡ್ತೀಯಾ?”

“ಆಗಲ್ಲ.”

“ಆಗಲ್ಲ ಅಂದ್ರೆ?”

“ಆಗಲ್ಲ ಅಂದ್ರೆ ಆಗಲ್ಲ. ಅಳತೆ ಹೇಳ್ತೀನಿ, ಬೇರೆ ಯಾರ ಹತ್ರನಾದ್ರೂ ಮಾಡಿಸ್ಕೋ.”

ತಮಾಷೆ ಇರಬೇಕೆಂದು ಪುಟ್ಟಿ ನಕ್ಕಳು, ಕಾದಳು. ಹಲ್ಲಕ್ಕ ಈರುಳ್ಳಿ ಹೆಚ್ಚುತ್ತಲೇ ಇದ್ದಳು. ಹುಟ್ಟಿದಾಗಿನಿಂದ ಅಕ್ಕನ ಬಾಯಲ್ಲಿ ಪುಟ್ಟಿ ಕೇಳದಿದ್ದ ಮಾತು ಅದು. ಅವಳು ಡಬ್ಬ ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಬಾಗಿಲು ಮೆಲ್ಲಗೆ ಮುಂದೆ ಮಾಡಿಕೊಂಡಳು. ಹಲ್ಲಕ್ಕನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಒಲೆ ಹಚ್ಚಿ, ಇಬ್ಬರಿಗೂ ಅಡುಗೆ ಮಾಡಿ, ತಾನೊಬ್ಬಳೇ ಕೂತು ಉಂಡಳು.