ತಿರುಗುವ ಸೀಟಿನ ಕಾರು

ನನ್ನ ಮೊಮ್ಮಗಳು ಮಾಡಿದ ಕಾರಿಗೆ ಎರಡನೇ ಬಹುಮಾನ ಬಂದಿದೆ. ಹರಿಹರದಲ್ಲಿ ನಮ್ಮ ಓಣಿಗೆಲ್ಲ ಹೇಳಿಯಾಯಿತು, ದಾವಣಗೆರೆಯ ಅಂಗಡಿಗೆ ಬಂದ ಗಿರಾಕಿಗಳಿಗೆ ಹೇಳಿಯಾಯಿತು, ಬಸ್ ಕಂಡಕ್ಟರನಿಗೆ ಎರಡು ಸಲ ಹೇಳಿದೆ. ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಸಿಟ್ಟಂತೂ ಅದಕ್ಕಿಂತ ಹೆಚ್ಚು, ಅದೂ ಹಿಡಿಸುತ್ತಿಲ್ಲ.

ನಾನೂ ನನ್ನ ಮಗನೂ ಮಾಡುವುದು ಕಾರಿನ ಸೀಟಿಗೆ ರೆಕ್ಸಿನ್ ಹೊಲಿಯುವ ಕೆಲಸ, ಜನ ಕುಶನ್ ಕೆಲಸ ಅನ್ನುತ್ತಾರೆ. ಎಪ್ಪತ್ತೆರಡರಲ್ಲೋ ಎಪ್ಪತ್ಮೂರರಲ್ಲೋ ಒಬ್ಬ ಹತ್ತಿ ವ್ಯಾಪಾರಿ ಅಂಗಡಿ ಮುಂದೆ ತಮ್ಮ ಅಂಬಾಸಿಡರ್ ನಿಲ್ಲಿಸಿ, ಒಂದು ಇಂಗ್ಲಿಷ್ ಪುಸ್ತಕ ಬಿಡಿಸಿ ತೋರಿಸಿದ್ದರು. ಅದರಲ್ಲಿ ಮುಂದಿನ ಕಾಲದ ಕಾರಿನ ಚಿತ್ರವಿತ್ತು. ಮೀನಿನ ಆಕಾರ, ಮೇಲೆ ಗಾಜಿನ ಗುಮ್ಮಟ, ಎರಡೂ ಪಕ್ಕ ರೆಕ್ಕೆ.

"ಇನ್ನ ಹತ್ತು ವರ್ಷಕ್ಕೆ ಇದೇ ಓಡಾಡ್ತೈತೆ ಸಾಬ್ರೆ. ಸೂಜಿ ದಾರ ಗಂಟು ಕಟ್ಟಿ ಇಡ್ರಿ."

"ಇದರಾಗೆ ಕೂಡ್ರೋದು ಎಲ್ಲಿ ಧಣಿ?"

"ಒಳಗೆ."

"ಒಳಗೆ ಹೋಗೋದು ಹೆಂಗೆ? ಬಾಗಿಲೇ ಕಾಣ್ತಿಲ್ಲಲ್ರೀ."

ಅವರು ನಕ್ಕು ಪುಸ್ತಕ ಮುಚ್ಚಿದರು. ಹತ್ತು ವರ್ಷ ಕಳೆಯಿತು, ಅದರ ಮೇಲೂ ಕಳೆಯಿತು. ರೆಕ್ಕೆಯ ಕಾರು ಬರಲಿಲ್ಲ. ಅವರದೇ ಅಂಬಾಸಿಡರ್ ಮೂರನೇ ಸಲ ಸೀಟು ಹರಿದುಕೊಂಡು ಬಂತು.

ಈಗ ಮಕ್ಕಳಿಗೂ ಅದೇ ಹುಚ್ಚು ಹಿಡಿಸಿದ್ದಾರೆ. ದಾವಣಗೆರೆಯ ಒಂದು ಶಾಲೆಯಲ್ಲಿ ಸುತ್ತಲಿನ ಊರಿನ ಮಕ್ಕಳನ್ನೆಲ್ಲ ಸೇರಿಸಿ ಪ್ರದರ್ಶನ ಇಟ್ಟಿದ್ದರು. ಎಲ್ಲರೂ ಮುಂದಿನ ಕಾಲದ ಕಾರು ಮಾಡಿ ತರಬೇಕು. ಏಳನೇ ಇಯತ್ತೆ ಓದುವ ನನ್ನ ಮೊಮ್ಮಗಳು ಒಂದು ತಿಂಗಳು ಅಟ್ಟದ ಮೇಲೆ ಕೂತು ರಟ್ಟಿನ ಕಾರು ಮಾಡಿದಳು. ಯಾರಿಗೂ ತೋರಿಸಲಿಲ್ಲ. ನಾವು ಕತ್ತರಿಸಿ ಎಸೆದ ರೆಕ್ಸಿನ್ ಚೂರು ಕೇಳಿದಳು, ಅಷ್ಟೇ.

ಪ್ರದರ್ಶನದ ದಿನ ಮಧ್ಯಾಹ್ನ ಅಂಗಡಿಯನ್ನು ಮಗನಿಗೆ ಬಿಟ್ಟು ನೋಡಲು ಹೋದೆ. ಮೇಜುಗಳ ತುಂಬ ರೆಕ್ಕೆ. ಥರ್ಮಾಕೋಲ್ ರೆಕ್ಕೆ, ತಗಡಿನ ರೆಕ್ಕೆ, ಬಲ್ಬು ಉರಿಯುವ ರೆಕ್ಕೆ. ನಮ್ಮ ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಅವಳ ಕಾರು ಮೇಜಿನ ಕೆಳಗೆ, ನೆಲದ ಮೇಲೆ. ಅದಕ್ಕೊಂದು ಚೀಟಿ ಅಂಟಿಸಿದ್ದರು. ನಾನು ಓದಿದ್ದು ನಾಲ್ಕನೇ ಇಯತ್ತೆ, ಅಕ್ಷರ ಕೂಡಿಸಿ ಕೂಡಿಸಿ ಓದಿದೆ: "ದೊಡ್ಡವರು ಮಾಡಿದ್ದು. ಬಹುಮಾನಕ್ಕೆ ಇಲ್ಲ."

ಕಾರು ಎತ್ತಿಕೊಂಡೆ. ರೆಕ್ಕೆ ಇರಲಿಲ್ಲ. ನೆಲಕ್ಕೆ ತಾಗುವಷ್ಟು ತಗ್ಗಿನ ತಳ, ಅಗಲ ಬಾಗಿಲು. ಬಾಗಿಲು ತೆರೆದು ಬೆರಳು ತಾಗಿಸಿದರೆ ಹಿಂದಿನ ಸೀಟು ಬೀದಿಯ ಕಡೆ ತಿರುಗಿ ನಿಲ್ಲುತ್ತದೆ. ಯಾಕೆಂದು ಕೇಳಬೇಕಿರಲಿಲ್ಲ. ಅವಳ ದಾದಿಗೆ, ಅಂದರೆ ನನ್ನ ಹೆಂಡತಿಗೆ, ಮಂಡಿ ಮಡಚಲು ಬರುವುದಿಲ್ಲ. ಹೋದ ವರ್ಷ ಒಂದು ಮದುವೆಗೆ ಹೊರಟಾಗ ಇಬ್ಬರು ಹಿಡಿದು ಅವಳನ್ನು ಕಾರಿನೊಳಗೆ ಮೂಟೆಯ ಹಾಗೆ ತುರುಕಿದ್ದೆವು. ಓಣಿಯೆಲ್ಲ ನಿಂತು ನೋಡಿತು. ಆಮೇಲೆ ಅವಳು ಯಾವ ಮದುವೆಗೂ ಹೊರಡಲಿಲ್ಲ. ಇಷ್ಟು ವರ್ಷ ಸೀಟು ಹೊಲಿದೂ ಇದು ನನ್ನ ತಲೆಗೆ ಹೊಳೆದಿರಲಿಲ್ಲ.

ತೀರ್ಪು ಕೊಡುವ ಮೇಷ್ಟ್ರು ಬಂದರು. "ನೀವೇನು ಕೆಲಸ ಮಾಡ್ತೀರಿ ಸಾಬ್ರೆ?"

"ಕುಶನ್ ಕೆಲಸ."

"ಮತ್ತೆ ಇನ್ನೇನು ಕೇಳೋದೈತೆ? ಇಂಥಾ ಹೊಲಿಗೆ ಸಣ್ಣ ಹುಡುಗಿ ಕೈಯಾಗೆ ಬರ್ತೈತೇನ್ರಿ? ಮೊಮ್ಮಗಳ ಮ್ಯಾಲೆ ಪ್ರೀತಿ ಇರ್ಲಿ, ಆದ್ರೆ ಪ್ರೈಜಿಗೆ ನೀವು ಕೂಡ್ರಬ್ಯಾಡ್ರಿ." ಪಕ್ಕದವರು ನಕ್ಕರು. ಮೇಷ್ಟ್ರಿಗೆ ಇನ್ನೂ ಹುರುಪು ಬಂತು. "ಮಾಡಿದ್ದು ಮಾಡಿದ್ರಿ, ಎರಡು ರೆಕ್ಕೆನಾದ್ರೂ ಹಚ್ಚಬೇಕಿತ್ತು. ಇದು ಜಟಕಾ ಆತು."

ಮೈಯೆಲ್ಲ ಉರಿಯಿತು. ತಿರುಗುವ ಸೀಟನ್ನು ಕಾರಿನಿಂದ ತೆಗೆದು ಕಿಟಕಿಯ ಬೆಳಕಿಗೆ ಹಿಡಿದೆ. ನಿಜ ಹೇಳುತ್ತೇನೆ, ಹೊಲಿಗೆ ಎಷ್ಟು ಚೊಕ್ಕವಾಗಿತ್ತೆಂದರೆ ಮಗನೇ ಕದ್ದು ಹೊಲಿದುಕೊಟ್ಟನೋ ಎಂದು ನನಗೂ ಒಂದು ಕ್ಷಣ ಅನಿಸಿತು. ಆಮೇಲೆ ಕಂಡಿತು. ಅಂಚಿನ ಕೈಹೊಲಿಗೆಯೆಲ್ಲ ಎಡಕ್ಕೆ ವಾಲಿತ್ತು. ನನ್ನದು ಬಲಕ್ಕೆ ವಾಲುತ್ತದೆ, ಮಗನದೂ ಬಲಕ್ಕೆ. ಮನೆಯಲ್ಲಿ ಎಡಗೈಯವಳು ಇವಳೊಬ್ಬಳೇ. ಆ ಕೈಯಲ್ಲಿ ಸೂಜಿ ಹಿಡಿದಾಗಲೆಲ್ಲ ಅಳತೆಪಟ್ಟಿಯಿಂದ ಬೆರಳಿಗೆ ಹೊಡೆದವನು ನಾನೇ. ಮೇಷ್ಟ್ರ ಮೇಲಿನ ಸಿಟ್ಟಿನಲ್ಲಿ ಅರ್ಧ ನನ್ನ ಕಡೆಗೇ ತಿರುಗಿತು.

"ಮೇಷ್ಟ್ರೆ, ಸ್ವಲ್ಪ ಹೊರಗೆ ಬರ್ರಿ."

"ಯಾಕ, ಹೊಡೀತೀರೇನು?"

"ಹೊಡಿಯೋ ಹಂಗೇ ಆಗೈತೆ. ಮೊದ್ಲು ಬರ್ರಿ."

ಅಂಗಳದಲ್ಲಿ ಮುಖ್ಯ ಅತಿಥಿಗಳ ಕಾರು ನಿಂತಿತ್ತು. ಅದರ ಸೀಟು ನಾನೇ ಹೊಲಿದದ್ದು. ಡ್ರೈವರನಿಂದ ಬಾಗಿಲು ತೆಗೆಸಿ, ಹುಡುಗಿಯ ಪುಟ್ಟ ಸೀಟನ್ನು ಅದರ ಪಕ್ಕ ಇಟ್ಟೆ. "ಇದು ನನ್ನ ಕೈ, ಇದು ಅವಳ ಕೈ. ಗಾಳಿಗೆ ಬಾಗಿದ ಜ್ವಾಳದ ಸಾಲಿನಂಗೆ ಒಂದು ಈ ಕಡೆ, ಒಂದು ಆ ಕಡೆ. ನಾನು ಹೊಲಿದಿದ್ರೆ ಹಿಂಗೆ ಬರಾಕಿಲ್ಲ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಅಷ್ಟರಲ್ಲಿ ಹುಡುಗಿ, ನನ್ನ ಕಾಲರಿಗೆ ಚುಚ್ಚಿದ್ದ ದಾರದ ಸೂಜಿ ಎಳೆದುಕೊಂಡು, ಎಡಗೈಯಿಂದ ತನ್ನ ದುಪಟ್ಟಾದ ಅಂಚಿಗೆ ಸರಸರ ನಾಲ್ಕು ಹೊಲಿಗೆ ಹಾಕಿ ಅವರ ಮುಖದ ಮುಂದೆ ಹಿಡಿದಳು.

"ಆತು ಬಿಡ್ರಿ," ಅಂದರು ಮೇಷ್ಟ್ರು. ತಪ್ಪಾಯಿತು ಅನ್ನಲಿಲ್ಲ. ಚೀಟಿ ಕಿತ್ತರು, ಕಾರು ಮೇಜಿನ ಮೇಲೆ ಬಂತು.

ಮೊದಲ ಬಹುಮಾನ ಬಲ್ಬಿನ ರೆಕ್ಕೆಗೆ ಹೋಯಿತು. ಫೋಟೋಕ್ಕೆಂದು ಎತ್ತಿದಾಗ ಒಂದು ರೆಕ್ಕೆ ಕಳಚಿ ಬಿತ್ತು, ಆದರೂ ಅದಕ್ಕೇ ಮೊದಲನೆಯದು. ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುತ್ತೇನೆ. ಕಾರು ಹಾರಬೇಕಂತೆ. ಅದರೊಳಗೆ ಮನುಷ್ಯರು ಹತ್ತುವುದು ಹೇಗೆ ಎಂದು ಅಂದು ಆ ವ್ಯಾಪಾರಿಯೂ ಯೋಚಿಸಲಿಲ್ಲ, ಇಂದು ಈ ಓದಿದವರೂ ಯೋಚಿಸುವುದಿಲ್ಲ.

ಆ ಸಂಜೆ ಸೊಸೆ ಕುಷ್ಕಾ ಅನ್ನ, ಬೇಳೆಗೆ ಮಾಂಸ ಹಾಕಿದ ದಾಲ್ಚಾ ಮಾಡಿದಳು. ದಾದಿ ಸ್ಟೂಲಿನ ಮೇಲೆ, ಉಳಿದ ನಾವೆಲ್ಲ ಅವಳ ಸುತ್ತ ಚಾಪೆಯ ಮೇಲೆ ಕೂತೆವು. ಮಗ ಕೇಳಿದ: "ಯಾರು ಕಲಿಸಿದ್ರು ನಿಂಗೆ?"

"ದಾದಾನೇ."

"ನಾನೆಲ್ಲಿ ಕಲಿಸ್ದೆ?" ಅಂದೆ.

"ರಜೆಯಾಗೆ ಅಂಗಡಿಗೆ ಬಂದಾಗ ನಿಮ್ಮ ಎದುರಿಗೆ ಕೂಡ್ರುತಿದ್ನಲ್ಲ. ನಿಮ್ಮ ಬಲಗೈ ನನ್ನ ಎಡಗೈ ಎದುರಿಗೇ ಬರ್ತಿತ್ತು. ನೀವು ಮಾಡಿದಂಗೇ ಮಾಡ್ದೆ."

ನಾನು ತೋಳಿನಿಂದ ಕಣ್ಣು ಒರೆಸಿಕೊಂಡೆ. ದಾದಿ ನನ್ನನ್ನೇ ನೋಡುತ್ತಿದ್ದಳು.

"ಅಳೋದಿದ್ರೆ ಆಮ್ಯಾಲೆ ಅಳ್ರಿ, ದಾಲ್ಚಾ ಆರ್ತೈತೆ."

ಎಲ್ಲರೂ ನಕ್ಕರು. ನಾನು ಹುಡುಗಿಯ ತಟ್ಟೆಗೆ ದೊಡ್ಡದೊಂದು ಮಾಂಸದ ತುಂಡು ಹಾಕಿದೆ. ಎಲ್ಲರೂ ಉಣ್ಣತೊಡಗಿದೆವು.