ಎರಡೇ ಸೀಟು

ಆ ಬೀದಿಯವರು ಆತನಿಗೆ ಇಟ್ಟ ಹೆಸರು 'ತಳ್ಳು ತಾತ'. ಹೆಸರಿಗೆ ಕಾರಣ ಮನೆ ಪಕ್ಕದ ಶೆಡ್ಡಿನಲ್ಲಿತ್ತು. ಇಂಗ್ಲೆಂಡಿನಲ್ಲಿ ತಯಾರಾದ, ಎರಡೇ ಸೀಟಿನ, ತಲೆಯ ಮೇಲೆ ಗಟ್ಟಿ ಚಾವಣಿಯಿಲ್ಲದ ಹಸಿರು ಕಾರು. ತಾತನಿಗಿಂತ ಎಂಟೇ ವರ್ಷ ಚಿಕ್ಕದು. ವಾರಕ್ಕೊಮ್ಮೆ ಹೊರಡುತ್ತಿತ್ತು, ಎರಡು ವಾರಕ್ಕೊಮ್ಮೆ ತಳ್ಳಿಸಿಕೊಳ್ಳುತ್ತಿತ್ತು. ತಳ್ಳಿದವರನ್ನು ತಾತ ಒಂದು ಸುತ್ತು ಕರೆದುಕೊಂಡು ಹೋಗುತ್ತಿದ್ದುದರಿಂದ, ಅದು ತಾನಾಗಿಯೇ ಹೊರಟ ದಿನ ಬೀದಿಯವರಿಗೆ ಒಂಥರಾ ನಿರಾಶೆ.

ತಾತ ಮೂವತ್ತೈದು ವರ್ಷ ಒಂದು ಪತ್ರಿಕೆಯ ಪ್ರೆಸ್ಸಿನಲ್ಲಿ ಮಿಷನ್ ನಡೆಸಿದವನು. ಅಜ್ಜಿ ಹೆಚ್ಚುಕಡಿಮೆ ಅಷ್ಟೇ ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಕಾರು ಪ್ರೆಸ್ಸಿನ ಗೋದಾಮಿನಲ್ಲಿ, ಕಾಗದದ ಉರುಳೆಗಳ ಹಿಂದೆ, ಇಲಿಗಳ ಬಾಣಂತಿಕೋಣೆಯಾಗಿ ಬಿದ್ದಿತ್ತು. "ಓಡ್ಸೋ ಹಾಗಿದ್ರೆ ತಗೊಂಡ್ಹೋಗು" ಎಂದಿದ್ದರು ಯಜಮಾನರು. ಓಡಿಸುವಷ್ಟರಲ್ಲಿ ಆರು ವರ್ಷ ಕಳೆದಿತ್ತು. ಹುಚ್ಚು ಬಿಡುವವರೆಗೂ ಮದುವೆಯಾಗುವುದಿಲ್ಲ, ಮದುವೆಯಾಗುವವರೆಗೂ ಹುಚ್ಚು ಬಿಡುವುದಿಲ್ಲ ಅನ್ನುತ್ತಾರೆ. ಇವನ ವಿಷಯದಲ್ಲಿ ಮದುವೆಯೂ ಆಯಿತು, ಹುಚ್ಚೂ ಹಾಗೇ ಉಳಿಯಿತು.

ಅದರ ಚಾಳಿಗಳು ಒಂದೆರಡಲ್ಲ. ಬಾಗಿಲಿಗೆ ಹೊರಗೆ ಹಿಡಿಯೇ ಇಲ್ಲ. ಒಳಗೆ ಕೈ ತೂರಿಸಿ ಒಂದು ದಾರ ಎಳೆಯಬೇಕು. ಅದರ ನಟ್ಟುಗಳೆಲ್ಲ ಇಂಚಿನ ಲೆಕ್ಕದವು, ಊರಿನ ಯಾವ ಗ್ಯಾರೇಜಿನ ಸ್ಪ್ಯಾನರ್ರೂ ಕೂರುವುದಿಲ್ಲ. ಮಳೆ ಬಂದರೆ ಕ್ಯಾನ್ವಾಸಿನ ಮೇಲುಹೊದಿಕೆ ಎಳೆದು ಗುಂಡಿ ಹಾಕಲು ಇಬ್ಬರಿಗೆ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಮಳೆ ನಿಂತು, ಗಂಡ ಹೆಂಡತಿ ಒದ್ದೆಯಾಗಿ ಹೊದಿಕೆಯ ಕೆಳಗೆ ಬೆವರುತ್ತಾ ಕೂತಿರುತ್ತಿದ್ದರು. ಕೆಳಗೆ ಸದಾ ಎಣ್ಣೆ ತೊಟ್ಟಿಕ್ಕುತ್ತಿತ್ತು. "ಸೋರ್ತಾ ಇದೆ ಅಂದ್ರೆ ಒಳಗೆ ಎಣ್ಣೆ ಇದೆ ಅಂತ ಅರ್ಥ ಕಣೇ, ನಿಂತ ದಿನ ಹೆದರ್ಬೇಕು" ಎನ್ನುತ್ತಿದ್ದ ತಾತ. ಹೆತ್ತವರಿಗೆ ಹೆಗ್ಗಣ ಮುದ್ದು.

ಅದನ್ನು ಹೊರಡಿಸುವುದಕ್ಕೂ ಒಂದು ಕ್ರಮವಿತ್ತು. ಕೀ ತಿರುಗಿಸಿದರೆ ಸೀಟಿನ ಹಿಂದೆ ಪೆಟ್ರೋಲ್ ಪಂಪು ಟಿಕ್ ಟಿಕ್ ಟಿಕ್ ಎನ್ನುತ್ತದೆ. ಮುಂದೆ ಪೆಟ್ರೋಲು ತುಂಬಿಕೊಂಡ ಮೇಲೆ ಆ ಸದ್ದು ನಿಧಾನವಾಗಿ ನಿಲ್ಲುತ್ತದೆ. ಆಮೇಲಷ್ಟೇ ಸ್ಟಾರ್ಟರ್. ಟಿಕ್ ಅನ್ನದಿದ್ದರೆ ಪಂಪು ಮುನಿಸಿಕೊಂಡಿದೆ ಎಂದರ್ಥ, ಮರದ ಸೌಟಿನಿಂದ ಒಂದು ಏಟು. ಆ ಸೌಟು ಅಜ್ಜಿಯ ಅಡುಗೆಮನೆಯಿಂದ ಹೇಳದೆ ಕೇಳದೆ ಶೆಡ್ಡಿಗೆ ವರ್ಗವಾದದ್ದು.

ಇನ್ನು ಎಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರುಗಳು ಎರಡು. ಎರಡೂ ಒಂದೇ ಸಮ ಉಸಿರೆಳೆಯದಿದ್ದರೆ ಕಾರು ಕೆಮ್ಮುತ್ತದೆ. ಅದಕ್ಕೆ ತಾತನ ಉಪಕರಣ ಒಂದೂವರೆ ಮೊಳ ರಬ್ಬರ್ ಕೊಳವೆ. ಒಂದು ತುದಿ ಕಾರ್ಬುರೇಟರಿನ ಬಾಯಿಗೆ, ಇನ್ನೊಂದು ತನ್ನ ಕಿವಿಗೆ. ಇದರ ಸುಯ್ ಕೇಳಿ, ಅದರ ಸುಯ್ ಕೇಳಿ, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಆ ಕೊಳವೆಯನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. "ಇದರ ಸದ್ದು ತಿಳೀದೋನಿಗೆ ಇದನ್ನ ಇಟ್ಕೊಳ್ಳೋ ಯೋಗ್ಯತೆ ಇಲ್ಲ" ಎಂದು ಮೂವತ್ತು ವರ್ಷ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದ.

ಅಜ್ಜಿ ಕಾರನ್ನು ಸವತಿ ಎಂದೇ ಕರೆಯುತ್ತಿದ್ದಳು. ಆದರೆ ಭಾನುವಾರ ತಲೆಗೆ ಸ್ಕಾರ್ಫ್ ಬಿಗಿದು ಮೊದಲು ಬಂದು ಕೂರುತ್ತಿದ್ದವಳೂ ಅವಳೇ. ಮನೆಯಲ್ಲಿ ತಾತ ಮೌನಿ. ಪ್ರೆಸ್ಸಿನ ಗದ್ದಲದಲ್ಲಿ ಕೈಸನ್ನೆಯಲ್ಲೇ ಬದುಕಿದವನಿಗೆ ಮಾತಿನ ಅಭ್ಯಾಸ ತಪ್ಪಿತ್ತು. ಕಾರಿನಲ್ಲಿ ಮಾತ್ರ ಕೆರೆ ದಂಡೆಯವರೆಗೂ ಬಾಯಿ ಮುಚ್ಚುತ್ತಿರಲಿಲ್ಲ. ಗಾಳಿಯ ಹೊಡೆತಕ್ಕೆ ಇಬ್ಬರೂ ಕಿರುಚಿಕೊಂಡೇ ಮಾತಾಡಬೇಕು. ಆ ಒಂದು ಗಂಟೆಗಾಗಿ ಅಜ್ಜಿ ಉಳಿದ ಆರು ದಿನ ಕಾಯುತ್ತಿದ್ದಳು. ಹಾಗಂತ ಬಾಯಿಬಿಟ್ಟು ಹೇಳಿದವಳಲ್ಲ.

ಎರಡು ತಿಂಗಳಿಂದ ಕಾರು ವಿಪರೀತ ಕೆಮ್ಮುತ್ತಿತ್ತು. ತಾತ ಕೊಳವೆ ಹಿಡಿದು ಗಂಟೆಗಟ್ಟಲೆ ಬಗ್ಗಿರುತ್ತಿದ್ದ. ತಿರುಗಿಸಿದಷ್ಟೂ ಕೆಮ್ಮು ಜಾಸ್ತಿ. ಒಂದು ಗುರುವಾರ ಅಜ್ಜಿ ಶೆಡ್ಡಿನ ಪಕ್ಕ ಬಟ್ಟೆ ಒಣಗಹಾಕುತ್ತಿದ್ದಳು. ಒಳಗೆ ತಾತ ಕೀ ತಿರುಗಿಸಿದ. ಟಿಕ್ ಟಿಕ್ ಟಿಕ್. ಪಂಪು ಗಡಿಯಾರದ ಹಾಗೆ ಹೊಡೆಯುತ್ತಿತ್ತು. ತಾತ ಮಾತ್ರ ಸ್ಟಾರ್ಟರ್ ಮುಟ್ಟದೆ ಕಾದು ಕೂತಿದ್ದ. ಸದ್ದು ನಿಧಾನವಾಗಿ ನಿಂತುಹೋಯಿತು. ಆಗ ಇಳಿದು ಬಂದು, ಸೌಟು ತೆಗೆದುಕೊಂಡು ಪಂಪಿಗೆ ನಾಲ್ಕು ಬಿಟ್ಟ.

"ಪಂಪು ಸತ್ತೋಗಿದೆ ಕಣೇ. ಟಿಕ್ ಅಂತಾನೂ ಅನ್ನಲ್ಲ."

ಅಜ್ಜಿ ಒದ್ದೆ ಅಂಗಿಯನ್ನು ತಂತಿಗೆ ಹಾಕದೆ ಹಾಗೇ ಹಿಡಿದುಕೊಂಡಳು. ಟಿವಿಯ ಸದ್ದು ಪಕ್ಕದ ಮನೆಗೆ ಕೇಳುವಷ್ಟು ಏರಿದ್ದು, ಬಾಗಿಲು ಬಡಿದರೂ ಎದ್ದು ಹೋಗದಿದ್ದುದು, ಎಲ್ಲ ಒಟ್ಟಿಗೆ ನೆನಪಾದವು. ಹೆಂಡತಿ ಕರೆದರೆ ಕೇಳಿಸದಿರುವುದು ಗಂಡಸರ ಹಳೆಯ ಕಾಯಿಲೆ. ಹಾಗಾಗಿ ಅವಳಿಗೆ ಇಷ್ಟು ದಿನ ಅನುಮಾನವೇ ಬಂದಿರಲಿಲ್ಲ. ಜಗತ್ತಿನ ಮೂಲೆಮೂಲೆಯ ಸಣ್ಣ ದನಿಗಳನ್ನು ಹೆಕ್ಕಿ ಜೋಡಿಸಿದವಳು, ಮನೆಯೊಳಗಿನ ಲೈನು ಕೆಟ್ಟದ್ದನ್ನು ಗಮನಿಸಿರಲಿಲ್ಲ.

ಅಂದು ಸಂಜೆಯೇ ತಾತ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದ. ವರ್ಷಗಳಿಂದ ಆ ಕಾರಿನ ಮೇಲೆ ಕಣ್ಣಿಟ್ಟಿದ್ದ ಮನುಷ್ಯ. "ಭಾನುವಾರ ಹತ್ತು ಗಂಟೆಗೆ ಬನ್ನಿ. ಕೊಟ್ಬಿಡ್ತೀನಿ. ಅದಕ್ಕೆ ವಯಸ್ಸಾಯ್ತು, ಪಂಪು ಹೋಯ್ತು, ಕಾರ್ಬುರೇಟರು ಹೋಯ್ತು." ಕಿರುಚಿದ ರಭಸಕ್ಕೆ ಫೋನೇ ಬೇಕಿರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಅಜ್ಜಿಗೆ ಎರಡು ದಿನ ಊಟ ರುಚಿಸಲಿಲ್ಲ. ಪಂಪು ಕೆಟ್ಟಿಲ್ಲ, ಕೆಟ್ಟಿರುವುದು ನಿಮ್ಮ ಕಿವಿ ಎಂದು ಹೇಳಿದರೆ, ಸದ್ದು ತಿಳಿಯದವನಿಗೆ ಯೋಗ್ಯತೆಯಿಲ್ಲವೆಂಬ ತನ್ನ ಮಾತಿಗೇ ಕಟ್ಟುಬಿದ್ದು ಮಾರಿಬಿಡುತ್ತಾನೆ. ಹೇಳದಿದ್ದರೆ ಪಂಪಿನ ನೆಪದಲ್ಲಿ ಮಾರುತ್ತಾನೆ. ಹೇಗೂ ಭಾನುವಾರದ ಆ ಒಂದು ಗಂಟೆ ಹೋಗುತ್ತದೆ. ಕಾರು ಹೋದ ಮೇಲೆ ಈ ಮನುಷ್ಯ ತನ್ನ ಜೊತೆ ಮಾತಾಡುತ್ತಾನೆ ಎಂಬ ಭರವಸೆ ಅವಳಿಗಿರಲಿಲ್ಲ.

ಭಾನುವಾರ ಬೆಳಿಗ್ಗೆ ತಾತ ಚಕ್ರದ ಕಡ್ಡಿಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದಾಗಿ ತಿಕ್ಕುತ್ತಿದ್ದ, ಕೊನೆಯ ಸಲ. ಅಜ್ಜಿ ಸ್ಕಾರ್ಫ್ ಕಟ್ಟಿಕೊಂಡು ಬಂದು, ದಾರ ಎಳೆದು, ತನ್ನ ಸೀಟಿನಲ್ಲಿ ಕೂತಳು.

"ಕೀ ತಿರುಗ್ಸಿ" ಎಂದಳು ಜೋರಾಗಿ.

"ಪಂಪು ಹೋಗಿದೆ ಅಂದ್ನಲ್ಲ!"

"ತಿರುಗ್ಸೀಂದ್ರೆ."

ತಾತ ಗೊಣಗುತ್ತಾ ಕೂತು ತಿರುಗಿಸಿದ. ಅಜ್ಜಿ ಆತನ ಎಡಗೈ ಹಿಡಿದು, ಸೀಟಿನ ಹಿಂದೆ ಎಳೆದು, ಅಂಗೈಯನ್ನು ಪಂಪಿನ ಮೇಲೆ ಒತ್ತಿದಳು. ಟಿಕ್ ಟಿಕ್ ಟಿಕ್. ಅಂಗೈಗೆ ತಿಳಿಯಿತು. ತಾತ ಕೈ ತೆಗೆಯಲಿಲ್ಲ. ಟಿಕ್ಕು ನಿಧಾನವಾಗಿ ನಿಂತ ಮೇಲೂ ತೆಗೆಯಲಿಲ್ಲ.

"ಯಾವಾಗಿಂದ ಗೊತ್ತು ನಿಂಗೆ?"

"ಗುರುವಾರದಿಂದ. ನಿಮಗೆ?"

"ಪ್ರೆಸ್ ಬಿಟ್ಟಾಗಿಂದ ಸ್ವಲ್ಪ ಸ್ವಲ್ಪ." ತಾತ ಸ್ಟಿಯರಿಂಗ್ ನೋಡುತ್ತಾ ಹೇಳಿದ. "ಪಂಪು ಸರಿ ಇದ್ರೇನು ಬಂತು? ಕಾರ್ಬುರೇಟರ್ ಸದ್ದು ನಂಗಿನ್ನು ಸಿಗಲ್ಲ."

"ನಾಳೆ ಕಿವಿ ಡಾಕ್ಟ್ರ ಹತ್ರ ಬರ್ತೀನಿ ಅನ್ನಿ. ಇವತ್ತಿಗೆ ನಾನು ಕೇಳ್ತೀನಿ. ಆ ಕೊಳವೆ ಕೊಡಿ ಇಲ್ಲಿ."

ತಾತ ಯೋಚಿಸಿದ. ಕೊಳವೆಯನ್ನು ಪ್ಯಾಂಟಿಗೆ ಒರೆಸಿ ಕೊಟ್ಟ.

ಎಂಜಿನ್ ಕೆಮ್ಮುತ್ತಾ ಶುರುವಾಯಿತು. ಅಜ್ಜಿ ಇಳಿದು, ತೆರೆದ ಬಾನೆಟ್ಟಿನೊಳಗೆ ಬಗ್ಗಿ ಕೊಳವೆಯನ್ನು ಮೊದಲನೆಯ ಕಾರ್ಬುರೇಟರಿನ ಬಾಯಿಗೆ ಹಿಡಿದಳು, ಆಮೇಲೆ ಎರಡನೆಯದಕ್ಕೆ. ಬೆರಳಿನಿಂದ ಹಿಂದಿನದನ್ನು ತೋರಿಸಿ, ಅದೇ ಜೋರು ಎಂದು ಸನ್ನೆ ಮಾಡಿದಳು. ತಾತ ಸ್ಕ್ರೂ ತಿರುಗಿಸಿದ. ಇನ್ನೂ ಸ್ವಲ್ಪ. ಜಾಸ್ತಿಯಾಯ್ತು, ಹಿಂದಕ್ಕೆ. ಕಾಲು ಗಂಟೆಯಲ್ಲಿ ಎರಡೂ ಸುಯ್ ಒಂದಾದವು, ಕೆಮ್ಮು ನಿಂತಿತು. ಮಡ್‌ಗಾರ್ಡಿನ ಮೇಲೆ ಕೈಯಿಟ್ಟ ತಾತನಿಗೂ ಅದು ತಿಳಿಯಿತು. ಎಂಜಿನ್ ಆಫ್ ಮಾಡಿ ಬಂದು ಅಜ್ಜಿಯ ಪಕ್ಕ ನಿಂತ.

ಆಗ ಅಜ್ಜಿಗೆ ಏನನ್ನಿಸಿತೋ, ಕೊಳವೆಯ ಒಂದು ತುದಿಯನ್ನು ತಾತನ ಕಿವಿಗಿಟ್ಟು, ಇನ್ನೊಂದಕ್ಕೆ ತನ್ನ ಬಾಯಿ ಹಿಡಿದು, ಎಕ್ಸ್‌ಚೇಂಜಿನ ಆ ಹಳೆಯ ಮೆತ್ತನೆಯ ದನಿಯಲ್ಲಿ ಹೇಳಿದಳು:

"ಮಾರ್ಬೇಡಿ. ನಂಗೆ ಬೇಜಾರಾಗುತ್ತೆ."

ತಾತ ಕಣ್ಣು ಮಿಟುಕಿಸಿದ. "ಮೆತ್ತಗೆ ಹೇಳು. ಕೇಳಿಸ್ತಾ ಇದೆ" ಎಂದ.

ಹತ್ತು ಗಂಟೆಗೆ ಹಲ್ಲಿನ ಡಾಕ್ಟರು ಬಂದಾಗ ಕಾರು ಗೇಟಿನ ಹೊರಗೆ ಸಣ್ಣಗೆ ಗುನುಗುತ್ತಾ ನಿಂತಿತ್ತು. ವಿಷಯ ಕೇಳಿ ಅವರ ಮುಖ ಪೆಚ್ಚಾಯಿತು. ಹೋಗಲಿ, ಒಂದು ಸುತ್ತಾದರೂ ಕರೆದುಕೊಂಡು ಹೋಗಿ ಎಂದರು. ತಾತನಿಗೆ ಅದು ಕೇಳಿಸಲಿಲ್ಲ. ಅಜ್ಜಿ ಕೊಳವೆ ಎತ್ತಿ ಆತನ ಕಿವಿಗೆ ಹೇಳಿದಳು.

"ಎರಡೇ ಸೀಟು ಡಾಕ್ಟ್ರೇ" ಎಂದ ತಾತ. ಕೊಳವೆಯನ್ನು ಅಜ್ಜಿ ತನ್ನ ಮಡಿಲಲ್ಲಿಟ್ಟುಕೊಂಡಳು, ಕಾರು ಕೆರೆಯ ಕಡೆ ಹೊರಟಿತು.