ಮೆಂತ್ಯದ ಖಾನೆಯಲ್ಲಿ ಮೊಬೈಲು

ಬೆಳಗಿನ ಐದೂವರೆ. ತಾರ್ನಾಕದ ಖಾಸಗಿ ವಾಚನಾಲಯವೊಂದರ ಬಾಗಿಲಲ್ಲಿ ಅಮರೇಶಪ್ಪ ಸ್ಟೂಲು ಹಾಕಿಕೊಂಡು ಕೂತಿದ್ದಾರೆ. ಕಾಲೇಜು ಮಕ್ಕಳು ಕಣ್ಣುಜ್ಜುತ್ತ ಬರುತ್ತಾರೆ, ಮೊಬೈಲನ್ನು ಕೊನೆಯ ಸಲ ಅಂತ ಮೂರು ಸಲ ನೋಡಿ, ಒಲ್ಲದ ಮನಸ್ಸಿನಿಂದ ಅವರ ಕೈಗಿಡುತ್ತಾರೆ. ಒಬ್ಬ ಹಿಂದಿಯಲ್ಲಿ ‘ಜೀರಾ’ ಎನ್ನುತ್ತಾನೆ, ಇನ್ನೊಬ್ಬಳು ತೆಲುಗಿನಲ್ಲಿ ‘ಆವಾಲು’ ಎನ್ನುತ್ತಾಳೆ. ಅಮರೇಶಪ್ಪ ಜೀರಿಗೆಯ ಖಾನೆ, ಸಾಸಿವೆಯ ಖಾನೆ ಎಳೆದು ಮೊಬೈಲ್ ಒಳಗಿಡುತ್ತಾರೆ.

ನಲವತ್ತು ಖಾನೆಗಳ ಈ ಮರದ ಪೆಟ್ಟಿಗೆ ಬೇಗಂ ಬಜಾರಿನ ಕಿರಾಣಿ ಅಂಗಡಿಯದು. ಲಿಂಗಸುಗೂರು ಕಡೆಯ ಅಮರೇಶಪ್ಪ ಅಲ್ಲಿ ಇಪ್ಪತ್ತಾರು ವರ್ಷ ತಕ್ಕಡಿ ಹಿಡಿದವರು. ಅಂಗಡಿ ಮುಚ್ಚಿದಾಗ ಸಾಹುಕಾರರು ಪೆಟ್ಟಿಗೆಯನ್ನು ಅವರಿಗೇ ಕೊಟ್ಟರು. ಈಗ ಅವರು ಈ ವಾಚನಾಲಯದ ಕಾವಲುಗಾರರು; ಖಾನೆಗಳ ಹೆಸರು ಮಾತ್ರ ಹಳೆಯವೇ ಉಳಿದಿವೆ.

ಓದಿನ ನಡುವೆ ಮೊಬೈಲ್ ಕೇಳಿದವರಿಗೆ ಅವರು ಇಲ್ಲ ಎನ್ನುವುದಿಲ್ಲ. "ಕಸಗೊಂಡು ಇಟ್ರ ಜೀವ ಅದರಾಗ ಇರ್ತೈತ್ರಿ. ಕೊಡ್ತೀನಿ. ಆದ್ರ ನನ್ನ ಮುಂದ ನಿಂತು ನೋಡಬೇಕು. ಕುಂತ್ರ ತಾಸು ಹೋದದ್ದು ಗೊತ್ತಾಗಂಗಿಲ್ಲ." ಪ್ರತಿ ಸಲಕ್ಕೂ ಆ ಖಾನೆಗೆ ಒಂದು ಹುಣಸೆ ಬೀಜ ಬೀಳುತ್ತದೆ. ಬಜಾರಿನಲ್ಲಿ ಚೀಲ ಎಣಿಸುತ್ತಿದ್ದ ರೂಢಿ ಅದು. ಸಂಜೆ ಬೀಜಗಳನ್ನು ಮಕ್ಕಳೇ ಎಣಿಸಿಕೊಳ್ಳಬೇಕು. ಇವರು ಉಪದೇಶಕ್ಕೆ ಬಾಯಿ ತೆರೆಯುವುದಿಲ್ಲ.

ಮೆಂತ್ಯದ ಖಾನೆ ಭಾಲ್ಕಿಯ ಶೈಲಶ್ರೀಯದು. ಎಂಜಿನಿಯರಿಂಗ್ ಕೊನೆಯ ವರ್ಷ, ನಾಲ್ಕು ವಿಷಯ ಬಾಕಿ. ಗೆಳತಿಯರು ಕಂಪನಿಗಳ ಇಂಟರ್‌ವ್ಯೂಗೆ ಓಡಾಡುತ್ತಿದ್ದರೆ ಈಕೆ ರೀಲ್ಸ್ ನೋಡುತ್ತ ಉಳಿದುಬಿಟ್ಟಿದ್ದಳು. ಈ ಸಲವೂ ಪಾಸಾಗದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಬಾ ಎಂದು ಅಪ್ಪ ಹೇಳಿಯಾಗಿತ್ತು. ಮೊದಲ ದಿನ ಹತ್ತೊಂಬತ್ತು ಬೀಜ. ಎಣಿಸಿದವಳೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು.

"ಅಳಬ್ಯಾಡವ್ವಾ," ಅಂದರು ಅಮರೇಶಪ್ಪ. "ನಾಳಿ ಹದಿನೆಂಟು ಮಾಡು. ಅಷ್ಟು ಸಾಕು."

ಹದಿನೆಂಟಾಯಿತು, ಹನ್ನೊಂದಾಯಿತು. ಒಂದು ಭಾನುವಾರ ಮತ್ತೆ ಹದಿನೈದಕ್ಕೆ ಹಾರಿತು. ಪರೀಕ್ಷೆ ಬರುವ ಹೊತ್ತಿಗೆ ಮೂರಕ್ಕೆ ನಿಂತಿತ್ತು.

ಕಳೆದ ತಿಂಗಳು ಫಲಿತಾಂಶದ ದಿನ. ಶೈಲಶ್ರೀ ಎಂದಿನಂತೆ ಮೊಬೈಲ್ ಕೊಟ್ಟು, ಇಂಟರ್‌ವ್ಯೂ ತಯಾರಿಗೆ ಒಳಗೆ ಹೋದಳು. ಹತ್ತು ಗಂಟೆಗೆ ಮೆಂತ್ಯದ ಖಾನೆ ಗುರ್ ಎನ್ನಲು ಶುರುವಾಯಿತು; ನಿಲ್ಲುವ ಮಾತೇ ಇಲ್ಲ. ಬೇರೆ ಮಕ್ಕಳು ಓಡಿ ಬಂದು ತಮ್ಮ ಮೊಬೈಲ್ ಕಿತ್ತುಕೊಂಡು ನೋಡುತ್ತಿದ್ದಾರೆ, ಈಕೆ ಮಾತ್ರ ಇಲ್ಲ. ಅಮರೇಶಪ್ಪನವರಿಗೆ ಕೂರಲಾಗಲಿಲ್ಲ. ಎದ್ದು ಒಳಗೆ ಹೋದರು.

"ಯವ್ವಾ, ರಿಸಲ್ಟ್ ಬಂದೈತಂತ."

"ಗೊತ್ತೈತ್ರಿ ಕಾಕಾ. ಇದೊಂದು ಲೆಕ್ಕ ಮುಗಿಸಿ ಬರ್ತೀನಿ."

ಬಂದದ್ದು ನಲವತ್ತು ನಿಮಿಷದ ಮೇಲೆ. ಆ ಹೊತ್ತನ್ನು ನೆನೆದರೆ ಅಮರೇಶಪ್ಪ ಈಗಲೂ ಧೋತರದ ಚುಂಗು ಹಿಡಿದು ಹಣೆ ಒರೆಸಿಕೊಳ್ಳುತ್ತಾರೆ.

"ನಾಕೂ ಪಾಸಾದ್ವು ಅಂತ ಆಕಿ ಇಲ್ಲೇ ಕುಣಿದಾಡಿದಳ್ರಿ," ಎಂದು ಮೆಂತ್ಯದ ಖಾನೆ ಎಳೆದು ತೋರಿಸುತ್ತಾರೆ. "ನಾನು ಖಾನಿ ನೋಡಿದೆ. ಅಲ್ಲೀತನಕ ಒಂದೂ ಬೀಜ ಬಿದ್ದಿದ್ದಿಲ್ಲ."